ಓಟ ಮುಗಿದ ಮೇಲೆ ಕಾಲು ಸುಳ್ಳು ಹೇಳಬಾರದಂತೆ

ಆಗ ನನಗೆ ಎಪ್ಪತ್ತೊಂದು. ಈ ಮಾತಿಗೆ ಈಗ ಮೂರು ವರ್ಷ. ಆ ವಯಸ್ಸಿನವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ನೆರಳಿನಲ್ಲಿ ಕೂಡಬೇಕು. ನಾನು ಲಕ್ಷ್ಮೇಶ್ವರದ ಒಂದು ಬಯಲಿನಲ್ಲಿ, ಕರಿ ಮಣ್ಣಿನ ಮೇಲೆ ಚೀಲ ಹಾಸಿಕೊಂಡು, ಹುಡುಗಿಯರು ಚೆಂಡು ಒದೆಯುವುದನ್ನು ನೋಡುತ್ತ ಕೂತಿದ್ದೆ. ಬರುವುದಿಲ್ಲ ಅಂದಿದ್ದೆ. ಮೊಮ್ಮಗಳು ಬಿಡಲಿಲ್ಲ.

"ಆಯಿ, ಇವತ್ತ ಜಿಲ್ಲಾ ಟೀಮಿಗೆ ಆರಿಸಾವ್ರು ಬರ್ತಾರ. ನೀ ಬರಾಕ ಬೇಕು."

ನಾನು ಬಂದರೆ ಆರಿಸುವವರಿಗೆ ಏನು ಹೆಚ್ಚಾಗುತ್ತದೆಯೋ ನನಗೆ ತಿಳಿಯಲಿಲ್ಲ. ಆದರೂ ಹೋದೆ. ಯಾಕೆಂದರೆ ನನ್ನ ಮಗ, ಅಂದರೆ ಅವಳಪ್ಪ, ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಈ ಸಲ ಜಿಲ್ಲಾ ತಂಡದಲ್ಲಿ ಅವಳಿಗೆ ಜಾಗ ಸಿಕ್ಕರೆ ಆಟ. ಸಿಗದಿದ್ದರೆ ಬೂಟು ಬಿಚ್ಚಿಟ್ಟು, ದಿನಾ ಕಾಲೇಜು ಬಿಟ್ಟ ಕೂಡಲೆ ಕಂಪ್ಯೂಟರ್ ಕ್ಲಾಸಿಗೆ ಹೋಗುವುದು. ಹುಡುಗಿ ಹೂಂ ಅಂದಿದ್ದಳು. ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ, ಅಷ್ಟೇ ಬೇಕಾಗಿತ್ತು. ಉಣ್ಣುವಾಗಲೂ ಕಾಲಲ್ಲಿ ಏನಾದರೂ ಉರುಳಿಸುತ್ತಿದ್ದಳು. ಉಳ್ಳಾಗಡ್ಡಿ, ನಿಂಬೆಹಣ್ಣು, ನಾನು ನೂಲು ಸುತ್ತಿಟ್ಟ ಉಂಡೆ. ಬೈದು ಬೈದು ನನ್ನ ಬಾಯಿ ಸೋತಿತ್ತು.

ನಮ್ಮ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯ ಕೊನೆಗೆ. ಓಣಿ ನಮ್ಮ ಬಾಗಿಲಿಗೆ ಬಂದು ಮುಗಿಯುತ್ತದೆ, ಮುಂದೆ ದಾರಿಯಿಲ್ಲ. ಈ ಓಣಿಯ ಮುಂಜಾನೆ ಮನುಷ್ಯರದ್ದಲ್ಲ, ಹಾಸಿನದ್ದು. ಬಟ್ಟೆಯ ಉದ್ದದ ಎಳೆಗಳಿಗೆ ಹಾಸು ಅನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಅದು ಒಣಗುವ ತನಕ ಸೈಕಲ್ಲು ಬರುವಂತಿಲ್ಲ, ದನ ಬರುವಂತಿಲ್ಲ, ಜಗಳವಾಡುವವರು ಸಹ ಗೋಡೆಗೆ ಒತ್ತಿ ನಿಂತು ಜಗಳವಾಡಬೇಕು. ಈಗ ಮಗ್ಗ ಇರುವ ಮನೆಗಳೇ ಕಡಿಮೆ. ಇರುವ ಮನೆಗಳು ಪಾಳಿ ಹಾಕಿಕೊಂಡಿವೆ. ಒಬ್ಬರ ಪಾಳಿ ತಪ್ಪಿದರೆ ಮತ್ತೆ ಕಾಯಬೇಕು.

ಮಧ್ಯಾಹ್ನ ಹಾಸು ಸುತ್ತಿಟ್ಟ ಮೇಲೆ ಗೂಟಗಳು ಖಾಲಿ ನಿಲ್ಲುತ್ತವೆ. ಆಗ ಮಕ್ಕಳ ಪಾಳಿ. ನಮ್ಮ ಬಾಗಿಲ ಮುಂದಿನ ಎರಡು ಗೂಟ ಅವರ ಗೋಲು. ಆದರೆ ಚೆಂಡನ್ನು ಜೋರಾಗಿ ಒದೆಯುವಂತಿಲ್ಲ. ಒಂದು ಕಡೆ ಬಣ್ಣದ ಹೊಂಡ, ಇನ್ನೊಂದು ಕಡೆ ಮರುದಿನದ ಗಂಜಿಯ ಪಾತ್ರೆ, ಎದುರಿಗೆ ನಮ್ಮ ಬಾಗಿಲು, ಒಳಗೆ ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು ನೇಯುವ ಮಗ. ಜೋರಾಗಿ ಒದ್ದವರ ಚೆಂಡು ನಮ್ಮ ಮನೆಯ ಅಟ್ಟ ಸೇರುತ್ತಿತ್ತು, ಸೇರಿಸುತ್ತಿದ್ದವಳು ನಾನೇ. ಹೀಗಾಗಿ ಈ ಓಣಿಯ ಮಕ್ಕಳು ಒದೆತಕ್ಕಿಂತ ಮೋಸ ಚೆನ್ನಾಗಿ ಕಲಿತವು. ಚೆಂಡಿನ ಹತ್ತಿರ ಬರುವುದು, ಒದ್ದೇಬಿಟ್ಟರು ಅನ್ನುವ ಹಾಗೆ ಕಾಲು ಬೀಸುವುದು, ತಾಗಿಸದೆ ಚೆಂಡಿನ ಮೇಲೆಯೇ ತಡೆಯುವುದು. ಕಾಯುವವನು ಆ ಕಡೆ ಬಿದ್ದ ಅಂದ ಕೂಡಲೆ ಈ ಕಡೆ ಚೆಂಡನ್ನು ಮೆಲ್ಲಗೆ ದೂಡುವುದು. ಹುಣಸೆಬೀಜದ ಹಾಗೆ ಉರುಳಿ ಹೋಗುತ್ತಿತ್ತು.

ಒಂದು ದಿನ ಅದಕ್ಕೇ ದೊಡ್ಡ ಜಗಳ ಬಿತ್ತು. ಒಬ್ಬ ಹುಡುಗ ಕಾಲು ಬೀಸಿದ, ಚೆಂಡು ತಾಗಲಿಲ್ಲ. ಅದೂ ಒಂದು ಒದೆತದ ಲೆಕ್ಕ ಅಂತ ಒಂದು ಗುಂಪು, ಲೆಕ್ಕವಲ್ಲ ಅಂತ ಇನ್ನೊಂದು ಗುಂಪು. ನಾನು ಬಾಗಿಲಲ್ಲಿ ಕೂತು ರಾಟಿಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಕಿರುಚಾಟಕ್ಕೆ ಎಳೆ ಹರಿಯಿತು. ನಾನು ಅಲ್ಲಿಂದಲೇ ಒದರಿದೆ.

"ಏ ಬಾಡ್ಯಾಗೋಳ್ರ್ಯಾ, ಕಾಲು ಎಷ್ಟ್ ಬೇಕಾದ್ರೂ ಬೀಸ್ರಿ! ಚೆಂಡಿಗೆ ತಾಗಿದ್ದಷ್ಟ ಲೆಕ್ಕ! ಇನ್ನ ಬಾಯಿ ಮುಚ್ರಿ!"

ಅಷ್ಟೇ ಹೇಳಿದ್ದು. ಎಳೆ ಗಂಟು ಹಾಕಿಕೊಂಡು ಕೆಲಸ ನೋಡಿದೆ. ಅವು ಅದನ್ನು ಕಾನೂನು ಮಾಡಿಕೊಂಡವು. ಆಮೇಲೆ ಯಾರಾದರೂ ತಕರಾರು ತೆಗೆದರೆ "ಆಯಿ ಕಾನೂನು, ಆಯಿ ಕಾನೂನು" ಅಂತ ಕೂಗುತ್ತಿದ್ದವು. ನನ್ನ ಮೊಮ್ಮಗಳು ಆ ಕಾನೂನಿನಲ್ಲಿ ಎಲ್ಲರಿಗಿಂತ ಹುಷಾರಾದಳು. ದೊಡ್ಡ ಹುಡುಗರನ್ನೂ ಧೂಳಿನಲ್ಲಿ ಮಲಗಿಸಿಬಿಡುತ್ತಿದ್ದಳು. ನನಗೆ ಅದರಲ್ಲಿ ಒಂದೇ ಒಂದು ಸುಖ, ಬಾಗಿಲಿಗೆ ಚೆಂಡು ಬಡಿಯುತ್ತಿರಲಿಲ್ಲ.

ಇನ್ನು ಲಕ್ಷ್ಮೇಶ್ವರದ ಮಾತು. ಆ ದಿನ ನಮ್ಮ ಗದಗಿನ ಕಾಲೇಜಿನ ಹುಡುಗಿಯರಿಗೂ ಮುಂಡರಗಿ ಕಡೆಯ ಹುಡುಗಿಯರಿಗೂ ಕಡೆಯ ಆಟ. ನಮ್ಮ ತಂಡದಲ್ಲಿ ಬೆಟಗೇರಿಯವರು, ಗದಗಿನವರು, ಮಲ್ಲಸಮುದ್ರದಿಂದ ಬರುವ ಹುಡುಗಿಯರು. ಅತ್ತ ಇತ್ತ ಓಡಿದರು, ಬಿದ್ದರು, ಎದ್ದರು. ಗೋಲು ಮಾತ್ರ ಯಾರೂ ಹೊಡೆಯಲಿಲ್ಲ. ನಾನು ನಡುವೆ ಒಂದು ನಿದ್ದೆ ತೆಗೆದು ಎದ್ದರೂ ಹಾಗೇ ಇತ್ತು.

ನನ್ನ ಬದಿಗೆ ಹಿರೇವಡ್ಡಟ್ಟಿಯ ಹೆಂಗಸೊಬ್ಬಳು ಕೂತಿದ್ದಳು. ನನ್ನದೇ ವಯಸ್ಸು, ಹೊಲದ ಕೆಲಸದ ಕೈ. ಮುಂಡರಗಿ ತಂಡದ ಗೋಲು ಕಾಯುವ ಹುಡುಗಿ ಅವಳ ಮೊಮ್ಮಗಳಂತೆ. ಹುಡುಗಿ ಬಾಗಿಲ ಕಂಬದ ಹಾಗಿದ್ದಳು.

"ನಿಮ್ಮಕಿ ಯಾಕಿ?" ಅಂತ ಕೇಳಿದಳು.

"ಆ ಸಣ್ಣಾಕಿ. ಜಡಿ ಮ್ಯಾಲ ಕಟ್ಟ್ಯಾಳ ನೋಡ್ರಿ."

"ಅಯ್ಯ, ಅಕಿಗೆ ಉಣ್ಣಾಕ ಹಾಕೂದಿಲ್ಲೇನ್ ನೀವು?"

"ಹಾಕ್ತೀವಿ. ನಿಮ್ಮಕಿಗೆ ಹಾಕಿ ಉಳದಿದ್ರ ಇನ್ನಷ್ಟ್ ಕಳಸ್ರಿ."

ಅವಳು ನಕ್ಕು ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ನಾನೂ ತಿಂದೆ. ಅಷ್ಟರಲ್ಲಿ ರೆಫರಿ ಸೀಟಿ ಊದಿದ. ಆಟ ಮುಗಿಯಿತು ಅಂತ ಎದ್ದೆ. ಮುಗಿದಿರಲಿಲ್ಲ. ಸಮ ಆಗಿದ್ದಕ್ಕೆ ಇನ್ನು ಪೆನಾಲ್ಟಿ ಅಂದರು. ಇವರಲ್ಲಿ ಒಬ್ಬಳು, ಅವರಲ್ಲಿ ಒಬ್ಬಳು, ಒಬ್ಬೊಬ್ಬರೇ ಬಂದು ಒದೆಯುವುದು, ಎದುರಿಗೆ ಗೋಲು ಕಾಯುವವಳು ಒಬ್ಬಳೇ. ಇದನ್ನೇ ಮೊದಲು ಮಾಡಿದ್ದರೆ ಅಷ್ಟು ಹೊತ್ತು ಬಿಸಿಲಲ್ಲಿ ಕೂಡುವುದು ತಪ್ಪುತ್ತಿತ್ತು.

ನಾವು ಇಬ್ಬರೂ ಎದ್ದು ಗೋಲಿನ ಬದಿಗೆ ಹೋಗಿ ನಿಂತೆವು. ಹತ್ತಿರದಿಂದ ಎಲ್ಲ ಕಾಣುತ್ತಿತ್ತು. ಹಿರೇವಡ್ಡಟ್ಟಿಯ ಹುಡುಗಿ ಗೋಲಿನ ಗೆರೆಯ ಮೇಲೆ ನಿಂತು ಆ ಕಡೆ ಈ ಕಡೆ ಕುಣಿಯುತ್ತಿದ್ದಳು, ಕೈ ಬೀಸುತ್ತಿದ್ದಳು. ರೆಫರಿ ಬಂದು ಅವಳ ಕಾಲು ನೋಡಿ ಏನೋ ಹೇಳಿ ಹೋದ. ಒದೆಯುವ ತನಕ ಒಂದು ಕಾಲಾದರೂ ಗೆರೆಯ ಮೇಲಿರಬೇಕಂತೆ. ಕುಣಿಯಬಹುದಂತೆ, ಗೆರೆ ಬಿಡಬಾರದಂತೆ. ಇರಲಿ.

ಆಮೇಲೆ ಮುಂಡರಗಿಯ ಹುಡುಗಿಯೊಬ್ಬಳು ಒದೆಯಲು ಬಂದಳು. ಓಡಿ ಬರುತ್ತಾ ಬರುತ್ತಾ ನಡುವೆ ಗಕ್ಕನೆ ನಿಂತುಬಿಟ್ಟಳು. ನಮ್ಮ ಗೋಲು ಕಾಯುವವಳು ಪಾಪ, ಒಂದು ಕಡೆ ವಾಲಿದಳು. ಆ ಹುಡುಗಿ ಸಣ್ಣ ಸಣ್ಣ ಹೆಜ್ಜೆ ಹಾಕಿ ಮತ್ತೆ ಬಂದು ಇನ್ನೊಂದು ಕಡೆ ಒದ್ದಳು. ಗೋಲು. ರೆಫರಿ ಹೌದು ಅಂದ.

"ನಿಂತಳಲ್ರೀ ಅಕಿ!" ಅಂದೆ ನಾನು.

"ನಿಂತ್ರ ಏನಾತು? ನಿಂತಾಕಿ ಮತ್ತ ಬಂದಳಲ್ಲ," ಅಂದಳು ಹಿರೇವಡ್ಡಟ್ಟಿಯವಳು.

ನಿಲ್ಲುವುದು ನಡೆಯುತ್ತದೆ ಅಂತ ನಾನು ತಿಳಿದುಕೊಂಡೆ. ಮುಂದೆ ನಡೆದದ್ದಕ್ಕೆ ನನಗೆ ಸಿಟ್ಟು ಬಂದದ್ದು ಇದಕ್ಕೇ.

ಕಡೆಯ ಒದೆತ ನಮ್ಮ ಹುಡುಗಿಯದ್ದು. ಅದು ಗೋಲಾದರೆ ಎರಡು ಕಡೆಯೂ ಸಮ, ಮತ್ತೆ ಮುಂದುವರಿಯಬೇಕು. ಆಗದಿದ್ದರೆ ಸೋಲು. ಆರಿಸುವವರು, ಟೋಪಿ ಹಾಕಿಕೊಂಡ ಗಂಡಸೊಬ್ಬ ಮತ್ತು ಹೆಂಗಸೊಬ್ಬಳು, ಕುರ್ಚಿ ಬಿಟ್ಟು ಎದ್ದು ನಿಂತರು. ನನ್ನ ಮಗ ಆಚೆ ಬದಿಯಿಂದ "ಜೋರ್ ಒದಿ, ಜೋರ್ ಒದಿ" ಅಂತ ಕೂಗುತ್ತಿದ್ದ. ಮನೆಯಲ್ಲಿ ಜೋರಾಗಿ ಒದ್ದರೆ ಬೆನ್ನಿಗೆ ಬಾರಿಸುತ್ತಿದ್ದವನು ಅವನೇ.

ಹುಡುಗಿ ಓಡಿ ಬಂದಳು. ಎಲ್ಲೂ ನಿಲ್ಲಲಿಲ್ಲ. ಎಡಗಾಲು ಚೆಂಡಿನ ಬದಿಗೆ ಊರಿದಳು, ಬಲಗಾಲು ಬೀಸಿದಳು. ಹಿರೇವಡ್ಡಟ್ಟಿಯ ಹುಡುಗಿ ಧಡ್ಡನೆ ಒಂದು ಕಡೆ ಬಿದ್ದಳು. ಬಲಗಾಲು ಚೆಂಡಿನ ಮೇಲೆ ಗಾಳಿಯಲ್ಲಿ ಹಾಗೇ ತಡೆದು ನಿಂತಿತು. ಆಮೇಲೆ ಇನ್ನೊಂದು ಕಡೆ ಮೆಲ್ಲಗೆ ದೂಡಿದಳು. ಉರುಳಿತು. ನಮ್ಮ ಬಾಗಿಲ ಮುಂದೆ ದಿನಾ ಉರುಳುವ ಹಾಗೇ ಉರುಳಿ ಬಲೆಗೆ ಹೋಗಿ ಕೂತಿತು.

ನಮ್ಮವರು ಕುಣಿದರು. ನಾನೂ ಚಪ್ಪಾಳೆ ಹಾಕಿದೆ ಅಂತ ಕಾಣುತ್ತದೆ. ರೆಫರಿ ಸೀಟಿ ಊದಿ, ಜೇಬಿನಿಂದ ಹಳದಿ ಕಾರ್ಡು ತೆಗೆದು ನಮ್ಮ ಹುಡುಗಿಯ ಮುಖಕ್ಕೆ ಹಿಡಿದ. ಕೈ ಅಡ್ಡ ಅಲ್ಲಾಡಿಸಿದ. ಗೋಲು ಇಲ್ಲ. ಒದೆತ ತಪ್ಪಿದ ಲೆಕ್ಕ. ಮತ್ತೊಮ್ಮೆ ಒದೆಯುವುದೂ ಇಲ್ಲ. ಮುಂಡರಗಿಯವರು ಗೆದ್ದರು.

ನನ್ನ ಮಗ ಒಳಗೆ ನುಗ್ಗಿದ.

"ಯಾಕ್ರೀ ಸರ, ಅವ್ರ ಹುಡುಗಿ ನಿಂತಾಗ ನಡೀತು, ನಮ್ಮ ಹುಡುಗಿ ನಿಂತಿದ್ದು ನಡಿಯೂದಿಲ್ಲೇನು?"

"ನಿಮ್ಮ ಹುಡುಗಿ ನಿಂತಿಲ್ರಿ. ಕಾಲು ನಿಂತೈತಿ," ಅಂದ ರೆಫರಿ.

"ಕಾಲು ಬಿಟ್ಟು ಹುಡುಗಿ ಬ್ಯಾರೆ ಇರ್ತಾಳೇನ್ರೀ?"

ರೆಫರಿಗೂ ಬೆವರು ಇಳಿಯುತ್ತಿತ್ತು. ಅವನು ಬಿಡಿಸಿ ಹೇಳಿದ. ಓಡಿ ಬರುವಾಗ ಏನು ಬೇಕಾದರೂ ಮಾಡಬಹುದು. ನಿಧಾನ ಮಾಡಬಹುದು, ನಿಲ್ಲಬಹುದು, ಮತ್ತೆ ಓಡಬಹುದು. ಆದರೆ ಓಟ ಮುಗಿಸಿ ಚೆಂಡಿನ ಹತ್ತಿರ ಬಂದ ಮೇಲೆ ಒದೆಯುವ ಹಾಗೆ ತೋರಿಸಿ ಒದೆಯದೆ ಇರುವಂತಿಲ್ಲ. "ಓಟ ಮುಗದ ಮ್ಯಾಲೆ ಕಾಲು ಸುಳ್ಳು ಹೇಳಬಾರದ್ರಿ" ಅಂದ.

ನಾನು ಇಷ್ಟು ವರ್ಷದಲ್ಲಿ ಎಂತೆಂಥ ಮಡಿ ಮೈಲಿಗೆ ನೋಡಿದ್ದೇನೆ. ಇಷ್ಟು ಸೂಕ್ಷ್ಮದ್ದು ನೋಡಿರಲಿಲ್ಲ. ದೂರದಲ್ಲಿ ಮಾಡಿದರೆ ಜಾಣತನ, ಹತ್ತಿರ ಬಂದು ಮಾಡಿದರೆ ಮೋಸ. ಮೋಸವೇ ಬೇಡ ಅಂದರೆ ಎಲ್ಲ ಕಡೆ ಬೇಡ ಅನ್ನಬೇಕು. ಇಂಥಲ್ಲಿಯ ತನಕ ಮೋಸ ಮಾಡಿ, ಇಲ್ಲಿಂದ ಮುಂದೆ ಸತ್ಯವಂತರಾಗಿ ಅಂದರೆ ಏನು ಹೇಳುವುದು!

ಯಾರೋ ಫೋನಿನಲ್ಲಿ ಹಿಡಿದಿದ್ದರು. ಎಲ್ಲರೂ ತಲೆಗೆ ತಲೆ ಹಚ್ಚಿ ನೋಡಿದರು. ನಿಂತಿಲ್ಲ ಅಂತ ನಮ್ಮವರು, ನಿಂತಿದೆ ಅಂತ ಅವರು. ಕಡೆಗೆ ನನ್ನ ಮಗ ಫೋನು ನನ್ನ ಮುಖಕ್ಕೆ ತಂದ.

"ಯವ್ವಾ, ನೀ ಗೋಲಿನ ಬಾಜೂನ ಇದ್ದಿ. ನೀ ಹೇಳು. ಕಾಲು ನಿಂತೈತೇನು?"

ಫೋನು ಬೇಕಾಗಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ.

"ನಿಂತೈತಿ," ಅಂದೆ.

"ನೀ ಯಾರ ಕಡೀ ಅದೀ ಯವ್ವಾ?"

"ಕೇಳಿದ್ದ್ಯಾಕ ಮತ್ತ? ನಿಂತೈತಿ ಅಂದ್ರ ನಿಂತೈತಿ."

ಮೊಮ್ಮಗಳು ಅಲ್ಲಿ ತನಕ ಚೆಂಡನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು. ಈಗ ನನ್ನ ಕಡೆ ತಿರುಗಿ, ಆ ಬಯಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಒದರಿದಳು.

"ನೀನ ಹೇಳಿದ್ದಿ! ಕಾಲು ಎಷ್ಟ್ ಬೇಕಾದ್ರೂ ಬೀಸ್ರಿ, ತಾಗಿದ್ದಷ್ಟ ಲೆಕ್ಕ ಅಂತ ನೀನ ಕಾನೂನು ಮಾಡಿದ್ದಿ!"

ಎಲ್ಲರೂ ನನ್ನನ್ನು ನೋಡಿದರು. ಆರಿಸುವ ಹೆಂಗಸಂತೂ ಕನ್ನಡಕ ಸರಿಮಾಡಿಕೊಂಡು ನೋಡಿದಳು, ಲೋಕದ ಚೆಂಡಾಟವನ್ನೆಲ್ಲ ಕೆಡಿಸಿದವಳು ನಾನೇ ಅನ್ನುವ ಹಾಗೆ. ಹಿರೇವಡ್ಡಟ್ಟಿಯವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಅಯ್ಯ, ನೀವ ಏನ್ರೀ ಕಲಿಸಿದಾವ್ರು? ನಮ್ಮ ಹುಡುಗಿ ಮೈಯೆಲ್ಲ ತರಚೈತ್ರಿ ನಿಮ್ಮ ಕಾನೂನಿಗೆ!"

"ನಾ ಕಂಡಿಕಿ ಸುತ್ತಾಕತ್ತಿದ್ನಿ," ಅಂದೆ. ಬೇರೆ ಏನು ಅನ್ನಲಿ?

ನಮ್ಮ ಹುಡುಗಿಯ ಕಾಲೇಜಿನ ಆಟದ ಮೇಡಂ ಇನ್ನೊಂದು ಮಾತು ಹೇಳಿದಳು. ಈ ಚಟವನ್ನು ಆಕೆ ಮೊದಲ ವಾರವೇ ನೋಡಿದ್ದಳಂತೆ, ಹೀಗೆ ಮಾಡಬಾರದು ಅಂತ ಹೇಳಿದ್ದಳಂತೆ. ಹುಡುಗಿ ಬಿಟ್ಟಿದ್ದಳಂತೆ. "ಕಾಲೇಜಿನ ಮೈದಾನದಾಗ ಒಮ್ಮೆನೂ ಮಾಡಿಲ್ರಿ. ಇವತ್ತ ಹೆದರಿದಳು. ಹೆದರಿದ ಕೂಡ್ಲೆ ಕಾಲು ನಿಮ್ಮ ಓಣಿಗೆ ಹೋತು" ಅಂದಳು. ಆ ಮಾತು ನನಗೆ ನಾಟಿತು. ಸಿಟ್ಟೂ ಬಂತು. ಇಷ್ಟು ಗೊತ್ತಿದ್ದವಳು ಕಡೆಯ ಒದೆತಕ್ಕೆ ಅವಳನ್ನೇ ಯಾಕೆ ನಿಲ್ಲಿಸಿದಳು?

ಟೋಪಿಯ ಗಂಡಸು ಮಾತ್ರ ಹುಡುಗಿಯನ್ನು ಬದಿಗೆ ಕರೆದು ಮಾತಾಡಿದ. ನಾನೂ ಹಿಂದೆ ಹೋಗಿ ನಿಂತೆ, ಯಾರೂ ಬೇಡ ಅನ್ನಲಿಲ್ಲ.

"ಓಟ ಚಲೋ ಐತಿ ನಿಂದು. ನಾಡಿದ್ದ ಗದಗಿನಾಗ ಇನ್ನೊಮ್ಮೆ ನೋಡ್ತೀವಿ. ಪೆನಾಲ್ಟಿನ ಹೊಡಸ್ತೀನಿ. ಕಾಲು ಮತ್ತ ಹಿಂಗ ತಡೀತಂದ್ರ ಮಾತ್ರ ಬ್ಯಾಡ, ಆತು?"

ಹುಡುಗಿ ಬಗ್ಗಿ ಸಾಕ್ಸಿನ ಮಣ್ಣು ಕೊಡವಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಮಗೆ ಹಿಂದಿನ ಸೀಟು ಸಿಕ್ಕಿತು. ಮೈಯೆಲ್ಲ ಎತ್ತಿ ಕುಕ್ಕಿತು. ಅದರ ಮೇಲೆ ಎಲ್ಲರಿಗೂ ನನಗೆ ಕಾನೂನು ಹೇಳುವ ಹುಕಿ. ಮುಂದಿನ ಸೀಟಿನವನು ತಿರುಗಿ ಹೇಳಿದ. ನನ್ನ ಮಗ ಫೋನು ನೋಡಿ ಹೇಳಿದ. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಚಹಾ ಮಾರುವವನು ಕಿಟಕಿಯಲ್ಲಿ ಕಪ್ಪು ಕೊಡುತ್ತ ತಾನೂ ಒಂದು ಹೇಳಿದ, ಮೊದಲು ಹೀಗಿರಲಿಲ್ಲ, ಈಗ ಬಿಗಿ ಮಾಡಿದ್ದಾರೆ ಅಂತ. ಒಬ್ಬೊಬ್ಬರದ್ದು ಒಂದೊಂದು ನಮೂನೆ. ಓಟ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ ಎಲ್ಲರೂ ಗಪ್.

"ಎಡಗಾಲು ಚೆಂಡಿನ ಬಾಜೂ ಊರಿದ್ರ ಮುಗೀತು," ಅಂದಳು ಮೊಮ್ಮಗಳು.

ನಾನು ಕಣ್ಣು ಮುಚ್ಚಿಕೊಂಡು ವಿಚಾರ ಮಾಡಿದೆ. ಕಾಯಿಪಲ್ಯೆ ಸಂತೆಗೆ ನಾನು ಹರೆಯದಿಂದ ಹೋದವಳು. ಬದನೆಕಾಯಿ ಬೇಕಾಗಿರುತ್ತದೆ. ಬೇಡದವರ ಹಾಗೆ ಮುಂದೆ ಹೋಗುತ್ತೇವೆ, ನಿಲ್ಲುತ್ತೇವೆ, ಮೂಗು ಮುರಿಯುತ್ತೇವೆ, ಮತ್ತೆ ಬರುತ್ತೇವೆ. ಮಾರುವವಳಿಗೂ ಗೊತ್ತು, ನಮಗೂ ಗೊತ್ತು. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಆದರೆ ದರ ಒಪ್ಪಿ, ತೂಗಿಸಿ, ಚೀಲದ ಬಾಯಿ ತೆರೆದು ಹಿಡಿದು, ಅವಳು ತಕ್ಕಡಿ ಎತ್ತಿ ಸುರಿಯುವ ಹೊತ್ತಿಗೆ ಚೀಲ ಸರಕ್ಕನೆ ಎಳೆದುಕೊಂಡರೆ? ಬದನೆಕಾಯಿ ಮಣ್ಣುಪಾಲು. ಹಾಗೆ ಮಾಡಿದವಳನ್ನು ಸಂತೆಯಲ್ಲಿ ಯಾರೂ ಕೂಡಿಸಿಕೊಳ್ಳುವುದಿಲ್ಲ. ಇದೂ ಅದೇ ಇರಬೇಕು. ಹಿರೇವಡ್ಡಟ್ಟಿಯ ಹುಡುಗಿ ಬಿದ್ದದ್ದು ಅದೇ ಬದನೆಕಾಯಿಯ ಹಾಗೆ. ಅರ್ಥವಾಯಿತು. ಅರ್ಥವಾದದ್ದಕ್ಕೆ ಇನ್ನಷ್ಟು ಬೇಸರವಾಯಿತು, ಇನ್ನು ಯಾರಿಗೂ ಬೈಯುವ ಹಾಗಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ. ಮಗ ಹೊಸ್ತಿಲಲ್ಲೇ ನಿಂತು ಹೆಂಡತಿಗೆ ವರದಿ ಒಪ್ಪಿಸಿದ. ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಒಂದೊಂದು ಬಡಿತಕ್ಕೆ ಒಂದೊಂದು ಮಾತು.

"ಅಲ್ರೀ ಅತ್ತಿ, ನಿಮಗ್ಯಾಕ ಬೇಕಿತ್ತು ಹುಡುಗೂರ ಆಟದ ಪಂಚಾಯ್ತಿ?"

"ಅವತ್ತ ನಿನ್ನ ಮಗಳ ಗಂಟಲ ಕೇಳಿ ನೀನೂ ಕಿವಿ ಮುಚ್ಕೊಂಡಿದ್ದಿ. ನಾ ಬಾಯಿ ಮುಚ್ಚಿಸಿದ್ನಿ."

"ಇಲ್ಲಿ ಮುಚ್ಚಿಸಿದ್ರಿ, ಅಲ್ಲಿ ತೆರೀತಲ್ರಿ."

ಹುಡುಗಿ ಬೂಟು ಬಿಚ್ಚಿ, ಒಂದರೊಳಗೊಂದು ತುರುಕಿ ಅಟ್ಟದ ಮೇಲೆ ಎಸೆದಳು. ನಾನು ಇಷ್ಟು ವರ್ಷ ಓಣಿಯ ಮಕ್ಕಳ ಚೆಂಡು ಎಸೆದ ಅಟ್ಟ ಅದು. ಅಲ್ಲಿ ಹೋದದ್ದು ಸುಲಭಕ್ಕೆ ಕೆಳಗಿಳಿಯುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

"ನಾಡಿದ್ದ ಹೋಗಂಗಿಲ್ಲ," ಅಂದಳು. "ಅಪ್ಪಾಗ ಹೇಳು, ಕ್ಲಾಸಿಗೆ ಹಚ್ಚು ಅಂತ."

ಮಗ ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ, ಮುಚ್ಚಿದ.

ಅವಳು ಕುಣಿಮಗ್ಗದ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ಬದಿಗೆ ಕೂತೆ. ತಲೆ ಸವರುವುದು, ಮುದ್ದು ಮಾಡುವುದು ನನಗೆ ಬರುವುದಿಲ್ಲ.

"ಕಾಲು ಬೀಸಬ್ಯಾಡ. ಬಂದು ಒದ್ದುಬಿಡು. ಅದರಾಗೇನೈತಿ?" ಅಂದೆ.

"ಅದರಾಗ ಎಲ್ಲಾ ಐತಿ. ಜೋರ್ ಒದಿಯಾಕ ನನಗ ಬರೂದಿಲ್ಲ ಆಯಿ."

"ಕಾಲೇಜಿನಾಗ ಹಂಗ ಮಾಡದ ಒದ್ದೀ ಅಂದಳಲ್ಲ ನಿಮ್ಮ ಮೇಡಂ?"

"ಒದೀತೀನಿ. ಮ್ಯಾಲ ಹೋಗ್ತೈತಿ, ಇಲ್ಲಾ ಕಂಬಕ್ಕ ಬಡೀತೈತಿ. ಜೋರ್ ಒದಿಬೇಕು ಅಂದ ಕೂಡ್ಲೆ ನನಗ ಗಂಜಿ ಪಾತ್ರಿ ಕಾಣ್ತೈತಿ, ಹಾಸು ಕಾಣ್ತೈತಿ, ನೀ ಬಾಗಲದಾಗ ಕುಂತಿದ್ದು ಕಾಣ್ತೈತಿ. ಹೆದರಿದ್ರ ಕಾಲು ತಾನ ತಡೀತೈತಿ. ಹುಟ್ಟಿದಾಗಿಂದ ಮೆಲ್ಲಕ, ಮೆಲ್ಲಕ ಅಂದಾವ್ರು ನೀವು. ಎಲ್ಲಿ ಒದಿಯಾಕ ಬಿಟ್ಟೀರಿ?"

ಹಾಸು ಮುಖ್ಯವೋ ಚೆಂಡು ಮುಖ್ಯವೋ ಅಂತ ಯಾರಾದರೂ ಕೇಳಿದ್ದರೆ ಈಗಲೂ ಹಾಸು ಅನ್ನುತ್ತೇನೆ. ಆ ಹಾಸಿನಿಂದಲೇ ಅವಳ ಬೂಟು ಬಂದದ್ದು. ಚೆಂಡು ಗಂಜಿಯಲ್ಲಿ ಬಿದ್ದರೆ ಬೈಯದೆ ಮುತ್ತು ಕೊಡಬೇಕಾಗಿತ್ತೇ? ನಾನು ತಪ್ಪು ಮಾಡಿದೆ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆದರೆ ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಎರಡೂ ಖರೆ ಇದ್ದರೆ ಮನುಷ್ಯರು ಏನು ಮಾಡಬೇಕು ಅಂತ ಯಾವ ರೆಫರಿಯೂ ಹೇಳುವುದಿಲ್ಲ.

"ಉಣ್ಣು ಏಳು," ಅಂದೆ. ಎದ್ದು ಹೋಗಿ ಉಂಡಳು. ಸಿಟ್ಟಿಗೂ ಹೊಟ್ಟೆಗೂ ಸಂಬಂಧವಿಲ್ಲದ ವಯಸ್ಸು.

ಮರುದಿನ ಮುಂಜಾನೆ ಹಾಸು ಹಾಕುವ ಪಾಳಿ ನಮ್ಮ ಮನೆಯದ್ದು. ಮಗ ಗಂಜಿ ಕಾಯಿಸಿಟ್ಟು, ಕುಂಚ ನೆನೆಸಿ, ಹಾಸಿನ ಸುರುಳಿ ಹೆಗಲ ಮೇಲೆ ಹೊತ್ತು ಹೊರಗೆ ಬಂದ. ನಾನು ಗೂಟದ ಮುಂದೆ ನಿಂತಿದ್ದೆ.

"ಒಳಗ ಒಯ್ಯಿ," ಅಂದೆ. "ಇವತ್ತ ಹಾಸು ಇಲ್ಲ."

"ಹುಚ್ಚು ಹಿಡೀತೇನು? ಪಾಳಿ ತಪ್ಪಿದ್ರ ಮತ್ತ ಯಾವಾಗ ಸಿಗತೈತೋ!"

"ಸಿಕ್ಕಾಗ ಹಾಕೋಣಂತ. ಅಟ್ಟದ ಮ್ಯಾಲಿಂದ ಅಕಿ ಬೂಟು ಇಳಿಸು. ನನ್ನ ಕೈ ನಿಲುಕೂದಿಲ್ಲ."

ಎದುರುಮನೆಯವನು ಹಲ್ಲುಜ್ಜುತ್ತ ನಿಂತು ನೋಡುತ್ತಿದ್ದ. ನಿಮ್ಮ ಪಾಳಿ ಬೇಡವಾದರೆ ನಾವು ಹಾಕಿಕೊಳ್ಳುತ್ತೇವೆ ಅಂದ. ಬೇಡ ಅಂದವರು ಯಾರು, ಪಾಳಿ ನಮ್ಮದೇ, ಹಾಸು ಹಾಕದೆ ಇರುವ ಪಾಳಿ ಅಂದೆ. ಗಂಜಿಯ ಪಾತ್ರೆಯನ್ನು ನಾನೇ ಗೋಡೆಯ ಹಿಂದಕ್ಕೆ ಎಳೆದಿಟ್ಟೆ. ಬಣ್ಣದ ಹೊಂಡಕ್ಕೆ ಹಲಗೆ ಮುಚ್ಚಿಸಿದೆ. ಮಗ ಗೊಣಗುತ್ತ ಮುಚ್ಚಿದ, ಗೊಣಗುತ್ತಲೇ ಬೂಟನ್ನೂ, ಅಲ್ಲೇ ಬಿದ್ದಿದ್ದ ಒಂದು ಚೆಂಡನ್ನೂ ಇಳಿಸಿದ.

ಮೊಮ್ಮಗಳು ಹಾಸಿಗೆಯಿಂದ ಎದ್ದ ಮುಖದಲ್ಲೇ ಹೊರಗೆ ಬಂದು, ಬೂಟು ಹಾಕಿಕೊಂಡು ನಿಂತಳು. ನಾನು ತಲೆಬಾಗಿಲಿನ ಎರಡೂ ಕದ ಎಳೆದು ಮುಚ್ಚಿದೆ. ಅದು ನಮ್ಮ ಮಾವನ ಕಾಲದ ಬಾಗಿಲು, ಸಾಗವಾನಿ. ಒಳಗಿನಿಂದ ಸೊಸೆ ಕೂಗಿದಳು.

"ಮುಂಜಾನೆದ್ದು ತಲಬಾಗಲಾ ಮುಚ್ತಾರೇನ್ರೀ ಅತ್ತಿ? ಲಕ್ಷ್ಮಿ ಬರೂ ಹೊತ್ತು!"

"ಹಿತ್ತಲದಿಂದ ಬರ್ಲಿ!"

ಆಮೇಲೆ ಬದಿಗೆ ಸರಿದು ಬಾಗಿಲ ಪಕ್ಕದ ಗೂಟಕ್ಕೆ ಬೆನ್ನು ಕೊಟ್ಟು ಕೂತೆ, ಅವಳ ಕಾಲು ಕಾಣುವ ಹಾಗೆ.

"ಒದಿ," ಅಂದೆ. "ಬಾಗಲಕ್ಕ ಒದಿ. ಮುರದ್ರ ನಿಮ್ಮಪ್ಪ ಹೊಸಾದ್ ಮಾಡಿಸ್ತಾನ."

ಅವಳು ಓಡಿ ಬಂದಳು. ಎಡಗಾಲು ಊರಿದಳು. ಬಲಗಾಲು ಚೆಂಡಿನ ಮೇಲೆ ತಡೆಯಿತು.

"ನಿಂತೈತಿ!" ಅಂತ ಒದರಿದೆ. "ಮತ್ತ ಬಾ."

ಮತ್ತೆ ಬಂದಳು. ಮತ್ತೆ ನಿಂತಿತು. ಮತ್ತೆ ಒದರಿದೆ. ಹೀಗೇ ಸುಮಾರು ಹೊತ್ತು ನಡೆಯಿತು. ಅವಳಿಗೆ ನನ್ನ ಮೇಲೆ ಸಿಟ್ಟು ಏರುತ್ತಾ ಹೋಯಿತು, ಏರಲಿ ಅಂತಲೇ ನಾನೂ ಒದರಿದೆ. ಕಡೆಗೆ ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಹೋಗಿ, ನನ್ನನ್ನಲ್ಲ, ಚೆಂಡನ್ನೂ ಅಲ್ಲ, ಆ ಬಾಗಿಲನ್ನೇ ದಿಟ್ಟಿಸಿ ನೋಡಿ ಓಡಿ ಬಂದಳು. ಕಾಲು ತಡೆಯಲಿಲ್ಲ. ಚೆಂಡು ಬಾಗಿಲಿಗೆ ಬಡಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು, ಮೇಲಿನ ಪಟ್ಟಿಗೆ ಕಟ್ಟಿದ ಒಣ ತೋರಣ ಕಳಚಿ ನನ್ನ ತಲೆಯ ಮೇಲೆ ಬಿತ್ತು, ಒಳಗೆ ಸೊಸೆಯ ಕೈಯಿಂದ ಏನೋ ಪಾತ್ರೆ ಬಿದ್ದು ಉರುಳಿತು.

ತಲೆಯಿಂದ ಮಾವಿನೆಲೆ ಕೊಡವಿಕೊಂಡು ಚೆಂಡನ್ನು ಅವಳ ಕಡೆ ದೂಡಿದೆ.

"ಇನ್ನೊಂದ್," ಅಂದೆ.